ಏಳು ಲೀಟರಿನ ಪೆಟ್ರೋಲ್ ಲಾರಿ

ನವೆಂಬರ್ 3, ಸೋಮವಾರ. ಬೆಳಿಗ್ಗೆ 9.15

ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ದಾಯಿತು. ತಿಳಿ ಕಂದು ಬಣ್ಣ, ಚೊಕ್ಕ. ಆಯಿಲ್ ಇಳಿದಿಲ್ಲ. ಮೀಟರಿನಲ್ಲಿ 11,400 ಕಿಲೋಮೀಟರ್. ಇಡೀ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಇವತ್ತು ನನ್ನಷ್ಟು ಖುಷಿಯಿಂದ ಮುಖಕ್ಕೆ ಮಸಿ ಮೆತ್ತಿಕೊಂಡವರು ಇನ್ನೊಬ್ಬರು ಇರಲಿಕ್ಕಿಲ್ಲ.

ಲಾರಿಗೆ ಏಳು ಲೀಟರಿನ ಪೆಟ್ರೋಲ್ ಇಂಜಿನ್. ಹೇಳಿದ ಕೂಡಲೇ ಜನ ನಗುತ್ತಾರೆ. ಆಮೇಲೆ ಮೈಲೇಜ್ ಕೇಳುತ್ತಾರೆ. ಆಮೇಲೆ ಇನ್ನೂ ಜೋರಾಗಿ ನಗುತ್ತಾರೆ. ದಿನವಿಡೀ ಓಡುವ ಗಾಡಿಗಲ್ಲ ಮಾರಾಯರೆ, ಫೈರ್ ಗಾಡಿಗೆ, ನೀರಿನ ಟ್ಯಾಂಕರಿಗೆ... ಎಂದು ವಿವರಿಸುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತದೆ. ಡೀಸೆಲ್ ಲಾರಿಯ ಹಾಗೆ ಹೊಗೆ ಶುದ್ಧ ಮಾಡಲು ಯೂರಿಯಾ ಬೇಡ, ಹೊಗೆ ಇಲ್ಲ, ಸದ್ದಿಲ್ಲ. ಸದ್ದಿಲ್ಲ ಎಂಬುದೇ ಗುಡ್ಡಪ್ಪನವರ ತಕರಾರು.

ನಮ್ಮ ಟ್ರಯಲ್ ಡ್ರೈವರ್. ಹೆಬ್ಬಳ್ಳಿಯವರು. ಮೂವತ್ತೊಂದು ವರ್ಷ ಡೀಸೆಲ್ ಗಾಡಿ ಹೊಡೆದಿದ್ದಾರೆ, ಹೆಸರಿಗೆ ಒಂದು ಕಪ್ಪು ಚುಕ್ಕೆ ಇಲ್ಲ. ಡಿಸೆಂಬರ್ ಕೊನೆಗೆ ರಿಟೈರ್. ಕೊನೆಗಾಲದಲ್ಲಿ ನನ್ನ ಪೆಟ್ರೋಲ್ ಕೂಸು ಅವರ ಕೊರಳಿಗೆ ಬಿದ್ದಿದೆ.

“ಲಾರಿ ಅಂದ್ರ ಚಾಲೂ ಮಾಡಿದ ಕೂಡ್ಲೆ ಓಣಿ ಎದ್ದು ಕುಂಡರಬೇಕ್ರಿ ಮೇಡಂ. ಇದು ಚಾಲೂ ಐತೋ ಇಲ್ಲೋ ಕೈ ಇಟ್ಟು ನೋಡಬೇಕು.”

ಗುಲಾಬಸಾಬರದು ಇನ್ನೂ ಖಡಕ್ಕು. ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್, ವಾರಕ್ಕೆ ಎರಡು ದಿನ ನಮ್ಮ ಶೆಡ್ಡಿಗೆ ಬರುತ್ತಾರೆ. “ಪೆಟ್ರೋಲ್ ಮೋಟರ್ ಸೈಕಲ್ಲಿಗೆ ಹಾಕು ಬೇಟಿ. ಹನ್ನೆರಡು ಟನ್ ಎಳ್ಯಾಕ ಎದಿ ಬೇಕು.”

ಎದೆ ಇದೆಯೋ ಇಲ್ಲವೋ, ತೋರಿಸುತ್ತೇನೆ.

ನವೆಂಬರ್ 6, ಗುರುವಾರ

ಪ್ರತಾಪ ಸರ್ ಕರೆದರು. ವಿಭಾಗದ ಮುಖ್ಯಸ್ಥರು ಕರೆದು ಕುರ್ಚಿ ತೋರಿಸಿದರೆ ಏನೋ ಇದೆ ಎಂದೇ ಅರ್ಥ. 14ನೇ ತಾರೀಖು ಹೆಡ್ ಆಫೀಸಿನಿಂದ ಮೂವರು ಬರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಇಂಥ ಲಾರಿಗಳ ಮುಂದಿನ ಬ್ಯಾಚ್. ಇಲ್ಲದಿದ್ದರೆ ಇಂಜಿನ್ ಗೋದಾಮಿಗೆ, ನಾವು ಹನ್ನೊಂದು ಜನ ದಿಕ್ಕಿಗೊಬ್ಬರು.

“ಪುಲ್ಲಿಂಗ್ ಇನ್ನೂ ಸ್ವಲ್ಪ ಬೇಕು ಪ್ರಭಾವತಿ. ಟೈಮಿಂಗ್ ಎರಡು ಡಿಗ್ರಿ ಮುಂದೆ ತಗೋ.”

ಕಿಡಿ ತುಸು ಬೇಗ ಹಾರಿದರೆ ಎಳೆತ ಹೆಚ್ಚು. ಅತಿಯಾದರೆ ಇಂಜಿನ್ ಒಳಗೊಳಗೇ ಬಡಿದುಕೊಂಡು ಪಿಸ್ಟನ್ ಒಡೆಯುತ್ತದೆ. ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂಬ ಪಟ್ಟಿ, ನಮ್ಮ ಮಾತಿನಲ್ಲಿ ಮ್ಯಾಪ್, ಬರೆದವಳು ನಾನು. ಮೂರು ವರ್ಷ ಅದನ್ನೇ ಬರೆದಿದ್ದೇನೆ, ಅಳಿಸಿದ್ದೇನೆ, ಬರೆದಿದ್ದೇನೆ.

ಗುಲಾಬಸಾಬರು ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. “ಬ್ಯಾಡ. ಸುಮ್ಮನ ಇರೂದನ್ನ ಕೆದಕಬ್ಯಾಡ.”

ನಾನು ಕೆದಕಿದೆ. ಪ್ರತಾಪ ಸರ್ ಹೇಳಿದರೆಂದು ಮಾತ್ರವಲ್ಲ — ನನಗೂ ಆಸೆ ಇತ್ತು. ಸುಳ್ಳೇಕೆ.

ನವೆಂಬರ್ 8, ಶನಿವಾರ. ಸಂಜೆ

ಅಬ್ಬಾ, ಏನು ಎಳೆತ! ಹನ್ನೆರಡು ಟನ್ ಮರಳಿನ ಚೀಲ ಹೇರಿಕೊಂಡು ಏರು ಬಂದರೂ ಗೇರ್ ಇಳಿಸಲಿಲ್ಲ. ಗುಡ್ಡಪ್ಪನವರು ಹುಬ್ಬೇರಿಸಿದರು. ಹುಬ್ಬು ಸಾಕು ನನಗೆ.

ಮನೆಗೆ ಬಂದು ಅವ್ವನ ಮುಂದೆ ಅರ್ಧ ಗಂಟೆ ಹೇಳಿದೆ. ಅವ್ವ, ಅಂದರೆ ಶೇವಂತೆವ್ವ ಟೀಚರ್, ರಿಟೈರಾಗಿ ಎಂಟು ವರ್ಷವಾದರೂ ಪಾಠ ಒಪ್ಪಿಸಿಕೊಳ್ಳುವ ಮುಖ ಹೋಗಿಲ್ಲ. ಎಲ್ಲ ಕೇಳಿ, “ಛಲೋ ಆತು. ಈಗ ಕೈ ತೊಳ್ಕೊಂಡು ಊಟಕ್ಕ ಬಾ” ಎಂದಳು.

ನವೆಂಬರ್ 11, ಮಂಗಳವಾರ. ಮಧ್ಯಾಹ್ನ 3.40

ಕಲಘಟಗಿ ದಾಟಿ ರಸ್ತೆಯ ಪಕ್ಕ. ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಳೆದೊಯ್ಯುವ ಗಾಡಿ ಬರಬೇಕು.

ಬೆಳಿಗ್ಗೆ ನಮ್ಮ ಅಂಗಳದ ಪೆಟ್ರೋಲ್ ಬ್ಯಾರಲ್ ಖಾಲಿ ಇತ್ತು. ಹಾಗಾಗಿ ಕಲಘಟಗಿಯ ಈಚೆಗೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆವು. ಅಲ್ಲಿನ ಉಳವಪ್ಪ ಗುಡ್ಡಪ್ಪನವರ ಹಳೇ ದೋಸ್ತ. ಇಬ್ಬರೂ ಕಿಟಕಿಯಲ್ಲೇ ಮಾತು ಶುರು ಮಾಡಿದರು. ನಾನು ಲ್ಯಾಪ್‌ಟಾಪಿನಲ್ಲಿ ಇಂಜಿನ್ನಿನ ಗ್ರಾಫ್ ನೋಡುತ್ತಾ ಮುಳುಗಿದ್ದೆ. ಹೊರಟು ಏಳೆಂಟು ಕಿಲೋಮೀಟರ್ ಆಗಿರಬೇಕು... ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಗ್ರಾಫ್ ಕೆಂಪು. ಹಿಂದೆ ಬಿಳಿ ಹೊಗೆ. ಎರಡು ಸಲ ಮುಗ್ಗರಿಸಿತು, ನಿಂತಿತು.

ಒಳಗೆ ಬಡಿದುಕೊಂಡಿದೆ. ಟೈಮಿಂಗ್. ನನ್ನ ಎರಡು ಡಿಗ್ರಿ.

‘ನಾ ಹೇಳಿರಲಿಲ್ಲೇನು’ ಎಂದು ಗುಡ್ಡಪ್ಪನವರು ಅನ್ನಲಿಲ್ಲ. ನೀರಿನ ಬಾಟಲಿ ಕೊಟ್ಟರು. ಅಂದಿದ್ದರೇ ಚೆನ್ನಾಗಿತ್ತು.

ನವೆಂಬರ್ 12, ಬುಧವಾರ

ಬೆಳಿಗ್ಗೆಯಿಂದ ಅದೇ ಗ್ರಾಫ್. ಎಲ್ಲಿ ನೋಡಿದರೂ ನಾನೇ. ಪಿಸ್ಟನ್ ಒಡೆದಿದ್ದರೆ ಇಂಜಿನ್ ಬಿಚ್ಚಬೇಕು. ನಾಡಿದ್ದು ಹೆಡ್ ಆಫೀಸಿನವರು ಬಂದಾಗ ಬಿಚ್ಚಿಟ್ಟ ಇಂಜಿನ್ನನ್ನೇ ತೋರಿಸಬೇಕು. ಪ್ರತಾಪ ಸರ್ ಎರಡು ಡಿಗ್ರಿಯ ಮಾತು ತೆಗೆಯಲೇ ಇಲ್ಲ. “ಮ್ಯಾಪ್ ನಿನ್ನದಲ್ವಾ” ಎಂದರು ಅಷ್ಟೇ.

ಅನ್ನ ಸೇರಲಿಲ್ಲ.

ನವೆಂಬರ್ 13, ಗುರುವಾರ. ಬೆಳಿಗ್ಗೆ 11.30

ಒಂದೊಂದಾಗಿ ಬರೆಯುತ್ತೇನೆ.

ಗುಲಾಬಸಾಬರು ಒಂಬತ್ತಕ್ಕೆ ಬಂದರು. ಲ್ಯಾಪ್‌ಟಾಪಿನ ಕಡೆ ನೋಡಲೂ ಇಲ್ಲ. ಟ್ಯಾಂಕಿನ ಕೆಳಗಿನ ಬೋಲ್ಟ್ ಸಡಿಲಿಸಿ ಒಂದು ಲೋಟ ಹಿಡಿದರು. ನಿನ್ನೆಯ ಪೇಪರ್ ಬಿಸಿಲಿಗೆ ಹಾಸಿ ಅದರ ಮೇಲೆ ನಾಲ್ಕು ಹನಿ ಬಿಟ್ಟರು. ಚಹಾ ತರಿಸಿದರು. ನಿಧಾನವಾಗಿ ಕುಡಿದರು. ನಾನು ಜೀವ ಕೈಯಲ್ಲಿ ಹಿಡಿದು ನಿಂತಿದ್ದೇನೆ, ಇವರು ತಳದ ಸಕ್ಕರೆ ಅಲ್ಲಾಡಿಸಿಕೊಂಡು ಕುಡಿಯುತ್ತಿದ್ದಾರೆ!

“ಪೆಟ್ರೋಲ್ ಆಗಿದ್ರ ಚಹಾ ಮುಗ್ಯೂದ್ರಾಗ ಹಾರಿ ಹೋಗಬೇಕಿತ್ತು. ನೋಡಿಲ್ಲೆ. ಇದು ಕುಂತ ಬಿಟ್ಟೈತಿ. ಡೀಸೆಲ್ ಬೇಟಿ, ಇದು ಡೀಸೆಲ್.”

ಪೇಪರಿನ ಮೇಲೆ ನಾಲ್ಕು ಎಣ್ಣೆ ಕಲೆ. ಎರಡು ದಿನ ಯಾರಿಗೂ ವಾಸನೆ ಬಂದಿರಲಿಲ್ಲ. ಬರುವುದು ಹೇಗೆ? ಇದೊಂದನ್ನು ಬಿಟ್ಟರೆ ನಮ್ಮ ಶೆಡ್ಡಿನಲ್ಲಿ ಎಲ್ಲ ಡೀಸೆಲ್ ಗಾಡಿಗಳೇ; ಕೈ, ಬಟ್ಟೆ, ಚಹಾದ ಲೋಟ ಎಲ್ಲಕ್ಕೂ ಡೀಸೆಲ್ಲಿನದೇ ವಾಸನೆ.

ಟೈಮಿಂಗ್ ಅಲ್ಲ. ನನ್ನ ಎರಡು ಡಿಗ್ರಿ ಅಲ್ಲ! ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಅದರ ಬೆನ್ನಿಗೇ ಅಳು. ಗುಲಾಬಸಾಬರು ಒಳಗೆ ಕ್ಯಾಮೆರಾ ಇಳಿಸಿ ನೋಡಿದರು. ಎಂಟೂ ಪಿಸ್ಟನ್ ಗಟ್ಟಿ. ಪ್ಲಗ್ ಮಾತ್ರ ಕಪ್ಪಗಾಗಿವೆ. “ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಕುಡುದು, ಹನ್ನೆರಡು ಟನ್ ಹೊತಗೊಂಡು ಇಷ್ಟು ದೂರ ಹೋಗೇತಿ. ಎದಿ ಐತಿ ಬಿಡು ಇದಕ್ಕ” ಎಂದರು. ಮೂರು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಬರೆದಿಟ್ಟುಕೊಂಡೆ.

ತಲೆ ಎತ್ತಿದರೆ ಬಾಗಿಲಲ್ಲಿ ಗುಡ್ಡಪ್ಪನವರು. ಮುಖದಲ್ಲಿ ರಕ್ತವಿಲ್ಲ.

“ಫುಲ್ ಅಂತ ಕೈ ಮಾಡಿದೆ ಮೇಡಂ. ಅಷ್ಟ. ಮೂವತ್ತೊಂದು ವರ್ಷ ಹಂಗ ಮಾಡೇನಿ. ಲಾರಿ ಬಂತಂದ್ರ ಉಳವಪ್ಪ ಯಾವ ಪೈಪ್ ಹಿಡೀತಾನ್ರಿ? ಮಗಳ ಮದವಿ ಸುದ್ದಿ ಹೇಳಾಕತ್ತಿದ್ದ... ಅಂವನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ.”

ನನ್ನ ನಗು ಬಾಯಲ್ಲೇ ಉಳಿಯಿತು.

ಅದೇ ದಿನ. ರಾತ್ರಿ

ಪ್ರತಾಪ ಸರ್‌ಗೆ ಆಕಾಶ ಕೈಗೆ ಸಿಕ್ಕಷ್ಟು ಖುಷಿ. ವರದಿಗೆ ಒಂದೇ ಸಾಲು ಹೇಳಿ ಬರೆಸಿದರು: ಚಾಲಕನ ಅಜಾಗರೂಕತೆ, ಇಂಜಿನ್ ನಿರ್ದೋಷಿ. “ಹೇಗೂ ಮುಂದಿನ ತಿಂಗಳು ರಿಟೈರ್ ಆಗ್ತಾರೆ ಬಿಡು.”

ವರದಿಗೆ ಲಗತ್ತಿಸಲು ಬಂಕಿನ ಚೀಟಿ ಹುಡುಕಿದೆ. ನನ್ನ ಬ್ಯಾಗಿನಲ್ಲೇ ಇತ್ತು. ‘ಡೀಸೆಲ್ 90 ಲೀಟರ್’ ಎಂದು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ನನ್ನ ಸಹಿ.

ತುಂಬಿಸಿದ ಚೀಟಿಗೆ ಜೊತೆಯಲ್ಲಿರುವ ಇಂಜಿನಿಯರ್ ಓದಿ ಸಹಿ ಹಾಕಬೇಕು, ಅದು ನಿಯಮ. ಸಹಿ ಹಾಕಿದ್ದೆ. ಓದಿರಲಿಲ್ಲ. ಗ್ರಾಫಿನಿಂದ ಕಣ್ಣು ತೆಗೆಯದೆ ತೊಡೆಯ ಮೇಲಿಟ್ಟು ಗೀಚಿದ್ದೆ. ಎರಡು ಮಾರು ದೂರದಲ್ಲಿ ನನ್ನ ಮೂರು ವರ್ಷದ ಕೂಸಿಗೆ ವಿಷ ಹಾಕುತ್ತಿದ್ದರು, ನಾನು ಅದರ ನಾಡಿ ನೋಡುತ್ತಿದ್ದೆ!

ಈ ಚೀಟಿ ಬೇರೆ ಯಾರೂ ನೋಡಿಲ್ಲ.

ಊಟದಲ್ಲಿ ಅವ್ವನಿಗೆ ಹೇಳಿದೆ. “ಓದಿ ಸಹಿ ಮಾಡು ಅಂತ ಸಾಲ್ಯಾಗ ಒಂದನೇ ಇಯತ್ತೆ ಇದ್ದಾಗ ಕಲಿಸಿದ್ದೆ ನಿನಗ. ಇಂಜಿನಿಯರ್ ಆದ ಮ್ಯಾಲೆ ಮರತಿ” ಎಂದು ಇನ್ನೊಂದು ರೊಟ್ಟಿ ಹಾಕಿದಳು. ಚೀಟಿ ಏನು ಮಾಡುತ್ತೀ ಎಂದು ಕೇಳಲೇ ಇಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ನವೆಂಬರ್ 14, ಶುಕ್ರವಾರ. ಸಂಜೆ

ಟ್ಯಾಂಕ್ ತೊಳೆದು, ಪ್ಲಗ್, ಆಯಿಲ್ ಬದಲಿಸಿ ಹತ್ತು ಗಂಟೆಗೆ ಚಾಲೂ ಮಾಡಿದೆವು. ಒಂದೇ ಸೆಲ್ಫ್ ಸ್ಟಾರ್ಟಿಗೆ ಹಿಡಿಯಿತು. ಹೆಡ್ ಆಫೀಸಿನ ಮೂವರಲ್ಲಿ ಹಿರಿಯರಾದ ಹೆಂಗಸೊಬ್ಬರು ತಾವೇ ಕ್ಯಾಬಿನ್ನಿಗೆ ಹತ್ತಿ ಗುಡ್ಡಪ್ಪನವರ ಪಕ್ಕ ಕೂತು ಒಂದು ಸುತ್ತು ಹೋಗಿ ಬಂದರು. ಇಳಿದಾಗ ಮುಖ ಹೇಗಿದೆ ಎಂದು ಹನ್ನೊಂದು ಜನ ನೋಡಿದೆವು. ಚೆನ್ನಾಗಿತ್ತು.

ಆಮೇಲೆ ವರದಿ. ನನ್ನ ಪ್ರತಿಯಲ್ಲಿ ಪ್ರತಾಪ ಸರ್ ಅವರ ಸಾಲು ಇರಲಿಲ್ಲ. ‘ಚಾಲಕರು ಹೇಳಲಿಲ್ಲ, ಬಂಕಿನವರು ಕೇಳಲಿಲ್ಲ, ಚೀಟಿಗೆ ಸಹಿ ಹಾಕಿದ ನಾನು ಓದಲಿಲ್ಲ’ ಎಂದಿತ್ತು. ಚೀಟಿಯೂ ಇತ್ತು. ಎರಡು ಡಿಗ್ರಿಯ ಮಾತನ್ನೂ ಬರೆದಿದ್ದೆ, ಯಾರು ಹೇಳಿದರು ಎನ್ನುವುದನ್ನು ಬಿಟ್ಟು. ಪ್ರತಾಪ ಸರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಖರೇ ತುಳಿದರು, ನೋಯುತ್ತಿದೆ.

ಆ ಹೆಂಗಸು ಎರಡು ಸಲ ಓದಿ ಒಂದೇ ಪ್ರಶ್ನೆ ಕೇಳಿದರು. “ಡೀಸೆಲ್ ಪೈಪು ಪೆಟ್ರೋಲ್ ಗಾಡಿಯ ಟ್ಯಾಂಕಿನೊಳಗೆ ಹಿಡಿಯಿತು ಹೇಗೆ?”

ಕಾರಿನಲ್ಲಾದರೆ ಪೆಟ್ರೋಲ್ ಟ್ಯಾಂಕಿನ ಬಾಯಿ ಸಣ್ಣದು, ದಪ್ಪ ಡೀಸೆಲ್ ಪೈಪು ಹೋಗುವುದೇ ಇಲ್ಲ. ನಾವು ಇಂಜಿನ್ ಹೊಸದು ಮಾಡಿ ಟ್ಯಾಂಕ್ ಹಳೇ ಲಾರಿಯದೇ ಇಟ್ಟಿದ್ದೆವು. ಹನ್ನೊಂದು ಇಂಜಿನಿಯರುಗಳ ತಲೆಗೂ ಹೊಳೆದಿರಲಿಲ್ಲ.

ಕೊನೆಗೆ ಅವರೇ ಹೇಳಿದರು: ಟ್ಯಾಂಕಿನ ಬಾಯಿ ಸಣ್ಣದು ಮಾಡಿ. ಎರಡು ಡಿಗ್ರಿ ಘಟ್ಟದಲ್ಲಿ ಪರೀಕ್ಷೆಯಾಗಲಿ. ಮುಂದಿನ ಬ್ಯಾಚ್ ಮಂಜೂರು.

ಮಂಜೂರು! ಇನ್ನೊಮ್ಮೆ ಬರೆಯುತ್ತೇನೆ — ಮಂಜೂರು.

ನವೆಂಬರ್ 17, ಸೋಮವಾರ

ಎಚ್ಚರಿಕೆಯ ಮೆಮೊ ಬಂತು. ನನಗೊಂದು, ಗುಡ್ಡಪ್ಪನವರಿಗೊಂದು. ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅವರ ಮುಖ ನೋಡಲು ಹೆದರಿ ಶೆಡ್ಡಿನ ಹಿಂದೆ ಹೋಗಿ ನಿಂತಿದ್ದೆ. ಅವರೇ ಹುಡುಕಿಕೊಂಡು ಬಂದರು.

“ಮೂವತ್ತೊಂದು ವರ್ಷದಾಗ ಇದ ಮೊದಲ್ನೇದ್ರಿ.”

“ಗೊತ್ತು ಕಾಕಾ. ತಪ್ಪಾತು.” ಅವರನ್ನು ಕಾಕಾ ಎಂದದ್ದು ಇದೇ ಮೊದಲು.

“ಏ, ಹಂಗಲ್ರಿ.” ನನ್ನದನ್ನೂ ತೆಗೆದುಕೊಂಡು ಎರಡೂ ಮೆಮೊ ಜೋಡಿಸಿ ಹಿಡಿದು ನೋಡಿದರು. “ನನಗೊಬ್ಬನಿಗೇ ಬಂದಿದ್ರ ನಮ್ಮ ಮನ್ಯಾಕಿ ರುಕ್ಮವ್ವಗ ತೋರಸಾಕ ಮುಖ ಇರ್ತಿರಲಿಲ್ಲ. ಈಗ ತೋರಸ್ತೇನಿ. ಇಂಜಿನಿಯರ್ ಮೇಡಮ್ಮಗೂ ಬಂದೈತಿ ಅಂತೇನಿ.”

ಇಬ್ಬರೂ ನಕ್ಕೆವು. ಆರು ದಿನದ ಭಾರ ಅಲ್ಲೇ ಇಳಿಯಿತು.

ಘಟ್ಟದ ಟ್ರಯಲ್‌ಗೆ ಬೇರೆ ಡ್ರೈವರ್ ಬರಲಿ ಎಂದು ಪ್ರತಾಪ ಸರ್. ಗುಡ್ಡಪ್ಪನವರು ಒಪ್ಪಲಿಲ್ಲ. ಹಾಗಾದರೆ ಇಂಜಿನ್ ಮೇಲೆ ನಂಬಿಕೆ ಬಂತೇ ಎಂದು ಕೆಣಕಿದೆ. “ನಂಬಿಕಿ ಆಮ್ಯಾಲಿನ ಮಾತ್ರಿ. ನಾ ಏನ ಕುಡಿಸಿದ್ರೂ ಅದು ಸಾಯಲಿಲ್ಲಲ್ಲ, ಘಟ್ಟ ನಾನ ಹತ್ತಿಸಬೇಕು.”

ನವೆಂಬರ್ 29, ಶನಿವಾರ. ಬೆಳಿಗ್ಗೆ 10.05

ಅಂಕೋಲೆಯ ಕಡೆಯಿಂದ ಅರಬೈಲ್ ಘಟ್ಟ ಹತ್ತುತ್ತಿದ್ದೇವೆ. ಹನ್ನೆರಡು ಟನ್. ಎರಡು ಡಿಗ್ರಿ ಹಾಗೇ ಇದೆ. ಅಕ್ಷರ ವಕ್ರವಾದರೆ ತಿರುವು ಎಂದು ತಿಳಿಯಬೇಕು.

10.20. ಬಡಿತ ಇಲ್ಲ. ಬಿಸಿ ಸರಿಯಾಗಿದೆ. ಮುಂದೆ ಎರಡು ಡೀಸೆಲ್ ಲಾರಿ ಏದುಸಿರು ಬಿಡುತ್ತಾ ಪಕ್ಕಕ್ಕೆ ಸರಿದವು. ಗುಡ್ಡಪ್ಪನವರು ಅವುಗಳ ಕಡೆ ನೋಡಲಿಲ್ಲ. ನೋಡದೇ ಇರಲು ಎಷ್ಟು ಕಷ್ಟಪಡುತ್ತಿದ್ದಾರೆ ಎಂಬುದು ಮೀಸೆಯಲ್ಲಿ ಗೊತ್ತಾಗುತ್ತದೆ.

10.35. ಮೂರನೇ ಗೇರ್. ಬಡಿತ ಇಲ್ಲ. ಇನ್ನು ಕಡಿದಾದ ಭಾಗ ಬರಬೇಕು, ಅಲ್ಲಿ ಗ್ರಾಫ್ ಹೇಗೆ—

“ಮೇಡಂ, ಬರಿಯೂದು ಸಾಕ್ರಿ. ಹೊರಗ ನೋಡ್ರಿ. ಘಟ್ಟ ಮುಗದು ಎಷ್ಟೊತ್ತಾತು!”

ಮುಗಿಯಿತೇ? ನನಗೆ ಗೊತ್ತೇ ಆಗಲಿಲ್ಲ. ಪುಸ್ತಕ ಮುಚ್ಚಿ ಹೊರಗೆ ನೋಡುತ್ತೇನೆ.