ಗೇಟಿನ ಮೇಲಿನ ಕೆಂಪು ಹೂ

ದಹಿಸರ್
ಶನಿವಾರ

ಸೊಸೈಟಿಯ ಸೆಕ್ರೆಟರಿ ಮನೀಶ್ ಶೆಟ್ರಿಗೆ ನಮಸ್ಕಾರ.

ದಾರಿಗೆ ಚಾಚಿದ ನಮ್ಮ ಅಂಗಳದ ದಾಸವಾಳವನ್ನು ಸೋಮವಾರ ಸವರಿಸುವುದಾಗಿ ನೋಟಿಸ್ ಅಂಟಿಸಿದ್ದೀರಿ. ನಾಟಕದಲ್ಲಿ ನೂರು ಸಲ ಯುದ್ಧಕ್ಕೆ ಹೊರಟವನು ನಾನು. ಆ ಒಂದು ಹಾಳೆಗೆ ಹೆದರಿ ಈ ಕಾಗದ ಬರೆಯಲು ಕೂತಿದ್ದೇನೆ.

ನನ್ನ ಹೆಂಡತಿ ಅಕ್ಕುವಿಗೆ ಈಗ ಮನೆಯ ನಂಬರು ನೆನಪಿರುವುದಿಲ್ಲ. "ಕೆಂಪು ಹೂ ಇದ್ದದ್ದೇ ನಮ್ಮ ಗೇಟು ಅಲ್ವಾ ಮಾರಾಯ್ರೇ, ನನಗೆಂಥ ಹೆದರಿಕೆ?" ಎಂದು ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬರುತ್ತಾಳೆ. ಕಳೆದ ವರ್ಷ ಗಿಡ ಸವರಿದ ದಿನ ಅವಳು ಸಿಕ್ಕಿದ್ದು ಇಲ್ಲಿಂದ ಎರಡನೆಯ ಸ್ಟೇಷನ್ನು ಕಾಂದಿವಲಿಯಲ್ಲಿ.

ದಯವಿಟ್ಟು ಕೆಳಗಿನ ಗೆಲ್ಲುಗಳನ್ನಷ್ಟೇ ಕತ್ತರಿಸಿ, ಗೇಟಿನ ಮೇಲಿನದನ್ನು ಉಳಿಸಿ. ಆಗದಿದ್ದರೆ ಮೊದಲೇ ತಿಳಿಸಿ. ಮತ್ತೆ ಹೂ ಬಿಡುವವರೆಗೆ ನನ್ನ ರಾಜವೇಷದ ಕೆಂಪು ನಿಲುವಂಗಿ ತೊಟ್ಟು ದಿನವೂ ಗೇಟಿನಲ್ಲಿ ನಿಲ್ಲುತ್ತೇನೆ. ಮಕ್ಕಳು ನಕ್ಕರೆ ಬೈಯಬೇಡಿ.

ಇತಿ, ನಿಮ್ಮ ಉತ್ತರಕ್ಕೆ ಕಾದಿರುವ
ದೂಜ ಪೂಜಾರಿ