ಮೊಣಕೈವರೆಗೆ ಮಾತ್ರ

೬ ಫೆಬ್ರವರಿ ೧೯೪೬, ಬುಧವಾರ, ಬೆಳಿಗ್ಗೆ

ಮಾಕಳಿದುರ್ಗದ ಹೆಂಗಸಿನ ಕಥೆ ಇವತ್ತು ಹೇಳಿದವಳು ಪಿಳ್ಳಮ್ಮ. ಊರ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚುವವಳು. ಎರಡು ತಿಂಗಳಿಂದ ನಮ್ಮ ಗಂಗಲಕ್ಷ್ಮಕ್ಕನ ಬಲಗೈಗೂ ಹಚ್ಚುತ್ತಾಳೆ. ಅಕ್ಕನಿಗೆ ಎದೆಯಲ್ಲಿ ಗಡ್ಡೆಯಾಗಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಬಲಮೊಲೆ ತೆಗೆದರು. ಆವತ್ತಿನಿಂದ ತವರಲ್ಲೇ ಇದ್ದಾಳೆ. ಕೈ ಭುಜದ ಮಟ್ಟಕ್ಕೂ ಏಳೋದಿಲ್ಲ. ಕುಂಕುಮದ ಭರಣಿ ಗೋಡೆಯ ಗೂಡಿನಿಂದ ನೆಲಕ್ಕಿಳಿದಿದೆ. ‘ಗೂಡಿನಿಂದ ನಾನೇ ಕುಂಕುಮ ತಗೊಂಡ ದಿನ ಗಂಡನ ಮನೆಗೆ ಹೋಗ್ತೀನಿ’ ಅಂತಾಳೆ.

ಪಿಳ್ಳಮ್ಮ ಉಜ್ಜೋದು ಮೊಣಕೈವರೆಗೆ ಮಾತ್ರ. ಕೇಳಿದೆ — ಭುಜಕ್ಕೆ ಯಾಕಿಲ್ಲ?

‘ಏನಪ್ಪಾ ಲಕ್ಷ್ಮಯ್ಯ, ನನ್ನ ಕೈಲಿ ಕೊಲೆ ಮಾಡಿಸ್ತೀಯಾ? ಮಾಕಳಿದುರ್ಗದಲ್ಲಿ ಒಬ್ಬಳು, ಇದೇ ಆಪರೇಷನ್ ಆದವಳು, ಹಗ್ಗದ ಮೇಲಿನ ಸೀರೆಗೆ ಕೈ ಎತ್ತಿದಳಂತೆ. ಹೊಲಿಗೆ ಬಿಚ್ಕೊಂಡು ಅಲ್ಲೇ ಪ್ರಾಣ ಹೋಯ್ತಂತೆ. ಮೂರು ಹಸಿರು ಬಳೆ ಒಡೆದಿದ್ವಂತೆ.’

ಮೂರು ಹಸಿರು ಬಳೆ.

ಕೈಲಿದ್ದ ಚೊಂಬು ಕೆಳಗಿಟ್ಟೆ.

ಮಧ್ಯಾಹ್ನ

ಆ ಕಥೆ ಮೊದಲು ಹೇಳಿದವನು ನಾನು. ಡಿಸೆಂಬರಿನಲ್ಲಿ, ನಮ್ಮ ಜಗಲಿ ಮೇಲೆ. ಎದುರುಮನೆ ಅಪ್ಪಯ್ಯಣ್ಣ, ಇನ್ನೂ ನಾಲ್ಕೈದು ಜನ. ಆಪರೇಷನ್ ಅಂದ್ರೆ ಏನು ಅಂತ ಕೇಳಿದರು. ಅಕ್ಕನ ವಿಷಯ ಹೇಳಲು ಸಂಕೋಚ. ಮಾಕಳಿದುರ್ಗದಲ್ಲಿ ಒಬ್ಬ ಹೆಂಗಸನ್ನ ಹುಟ್ಟಿಸಿದೆ. ಹಗ್ಗ ಕಟ್ಟಿದೆ, ಸೀರೆ ಹರವಿದೆ. ಬಳೆ ಒಡೆದಾಗ ಎಲ್ಲರೂ ಉಸಿರು ಬಿಗಿ ಹಿಡಿದರು... ಖುಷಿಯಾಗಿತ್ತು ನನಗೆ.

ಆಸ್ಪತ್ರೆಯ ನರ್ಸಮ್ಮ ಹೇಳಿದ್ದೇ ಬೇರೆ. ಗಾಯ ಒಣಗಿದ ಮೇಲೆ ಭುಜಕ್ಕೆ ಮೆತ್ತಗೆ ಎಣ್ಣೆ ಹಚ್ಚಿ, ದಿನಾ ಗೋಡೆ ಮೇಲೆ ಬೆರಳು ಹತ್ತಿಸಿ, ಇಲ್ಲದಿದ್ರೆ ಕೈ ಹಿಡ್ಕೊಂಡುಬಿಡುತ್ತೆ ಅಂತ. ಅಕ್ಕನಿಗೆ ತಿಳಿಸಿದ್ದೆ. ಹೂಂ ಅಂದಳು, ಮಾಡಲಿಲ್ಲ. ನೋವಿಗೆ ಅಂದುಕೊಂಡಿದ್ದೆ.

ನನ್ನ ಕಥೆಗೆ ಹೆದರಿ.

೯ ಫೆಬ್ರವರಿ, ಶನಿವಾರ

ಎರಡು ದಿನ ಬರೆಯಲಾಗಲಿಲ್ಲ. ಇವತ್ತು ಅಕ್ಕನಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು. ಬೈಯಲಿಲ್ಲ.

‘ಆ ಹೆಂಗಸು ಇಲ್ಲವೇ ಇಲ್ವಾ?’

‘ಇಲ್ಲ ಅಕ್ಕ.’

‘ಅವಳನ್ನ ನೆನೆಸ್ಕೊಂಡು ಎಷ್ಟು ಅತ್ತಿದ್ದೀನಿ ಕಣೋ.’

ಮೊರ ಪಕ್ಕಕ್ಕೆ ಸರಿಸಿ ಅಂದಳು: ‘ಜಗಲಿ ಮೇಲೆ ಹೇಳಿದ್ದು ಸುಳ್ಳು ಅಂತ ಜಗಲಿ ಮೇಲೇ ಹೇಳು. ಪಿಳ್ಳಮ್ಮನೂ ಇರ್ಲಿ. ಅವಳು ನಂಬದಿದ್ರೆ ನನ್ನ ಭುಜ ಮುಟ್ಟಲ್ಲ.’

೧೦ ಫೆಬ್ರವರಿ, ಭಾನುವಾರ, ಸಂಜೆ

ಹೇಳಿದೆ. ಯಾರೂ ನಗಲಿಲ್ಲ. ಪಿಳ್ಳಮ್ಮ ತನ್ನ ಅಂಗೈ ನೋಡಿಕೊಂಡಳು. ‘ಇಷ್ಟು ದಿನ ಸುಮ್ನೆ...’ ಅಂದಳು.

ಅಪ್ಪಯ್ಯಣ್ಣ: ‘ಹಂಗಾದ್ರೆ ನೀನು ಚಿರತೆ ಓಡಿಸಿದೆ ಅಂದ ಕಥೆ?’

‘ಅದೂ ಅಷ್ಟೇ.’

ಟವಲ್ಲು ಕೊಡವಿ ಎದ್ದು ಹೋದ.

೧೧ ಫೆಬ್ರವರಿ, ಸೋಮವಾರ, ಬೆಳಿಗ್ಗೆ

ಪಿಳ್ಳಮ್ಮ ದಿನಕ್ಕಿಂತ ಮುಂಚೆ ಬಂದಳು. ಹರಳೆಣ್ಣೆ ಬೆಚ್ಚಗೆ ಮಾಡಿ, ಬಾಗಿಲು ಹಾಕಿಕೊಂಡು ಭುಜಕ್ಕೆ ಹಚ್ಚಿದಳು. ಒಳಗಿನಿಂದ ಅಕ್ಕನ ನರಳಾಟ. ಹೊರಗೆ ನಾನು. ಬಾಗಿಲು ತೆಗೆದಾಗ ಭರಣಿ ಗೂಡಿನಲ್ಲಿತ್ತು. ಪಿಳ್ಳಮ್ಮನೇ ಎತ್ತಿಟ್ಟಿದ್ದಳು.

ಅಪ್ಪಯ್ಯಣ್ಣನೂ ಬಂದ. ನನ್ನನ್ನ ಮಾತಾಡಿಸಲಿಲ್ಲ. ಹೊಸ್ತಿಲಾಚೆ ನಿಂತು, ‘ಗಂಗಲಕ್ಷ್ಮಮ್ಮ, ಈ ಸಲ ಕಣ್ಣಾರೆ ನೋಡಿಯೇ ನಂಬೋದು’ ಅಂದ.

ಅಕ್ಕ ಗೋಡೆಗೆ ಬೆರಳು ಹಚ್ಚಿದಳು. ಸೊಂಟದ ಮಟ್ಟ. ಎದೆ ಮಟ್ಟ. ಭುಜ. ಅಲ್ಲಿ ನಿಂತಳು, ಮುಖದ ತುಂಬ ಬೆವರು. ಗೂಡು ಇನ್ನೂ ಒಂದು ಗೇಣು ಮೇಲೆ. ಬೆರಳು ನಿಂತ ಜಾಗಕ್ಕೆ ಗೆರೆ ಹಾಕಲು ಇದ್ದಿಲು ತಂದೆ. ಅಪ್ಪಯ್ಯಣ್ಣ ಒಳಗೆ ಬಂದು ಕಿತ್ತುಕೊಂಡ.

‘ನೀನು ಹಾಕಿದ್ರೆ ನಾಲ್ಕು ಬೆರಳು ಮೇಲೇ ಹಾಕ್ತೀಯ.’

ಅವನೇ ಹಾಕಿದ. ಅಕ್ಕ ನಕ್ಕಳು. ನಗುತ್ತಲೇ ಮತ್ತೆ ಬೆರಳು ಹತ್ತಿಸಿದಳು. ಗೆರೆ ದಾಟಿ ಒಂದು— ಬೇಡ, ಎಷ್ಟು ಅಂತ ಅಪ್ಪಯ್ಯಣ್ಣನೇ ಹೇಳಲಿ.