ಒರಟುಗಣ್ಣಿನ ನೊಣಗಳು ಬದುಕಿವೆ

ನನ್ನ ನೀಲಮ್ಮಕ್ಕಾ,

ಆಸ್ಪತ್ರೆಗೆ ಹೋಗುವ ಮುಂಚೆ ನೀನು ಒರಟುಗಣ್ಣಿನ ನೊಣಗಳ ಬಾಟಲಿಗಳನ್ನು ನನ್ನ ಕೈಗೆ ಕೊಟ್ಟದ್ದು ಈಗಲೂ ನೆನಪಿದೆ. ನಮ್ಮ ವಿಜ್ಞಾನಿ ಮೇಡಂ ಅವರ ಲ್ಯಾಬಿನಲ್ಲಿ ವರ್ಷಗಟ್ಟಲೆ ನೀನು ಗಂಜಿ ಕಾಯಿಸಿ ಹಾಕಿ ಸಾಕಿದ ಹಣ್ಣಿನ ನೊಣಗಳು. "ಇವು ಬ್ಯಾರೆ ಎಲ್ಲೂ ಇಲ್ಲವ್ವಾ, ಹುಷಾರು" ಅಂದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವಳ ಕೈಗೆ ಯಾರಾದರೂ ಅಂಥದ್ದು ಕೊಡುತ್ತಾರೆಯೇ?

ನಾನು ಕೆಲಸಕ್ಕೆ ಬಂದ ಮೊದಲ ದಿನ ನೀನು ಸೂಕ್ಷ್ಮದರ್ಶಕದಲ್ಲಿ ಎರಡು ನೊಣ ತೋರಿಸಿದ್ದೆ. ಒಂದರ ಕಣ್ಣು ಜೇನುಹುಟ್ಟಿನಂತೆ ಸಾಲುಸಾಲು. ಇನ್ನೊಂದರದ್ದು ಚೆಲ್ಲಿದ ರವೆ. ಕಣ್ಣು ಬೆಳೆಯುವಾಗ ಒಂದು ಜೀವಕೋಶ ಮೊದಲು ತಯಾರಾಗುತ್ತದೆ ಎಂದೆ.

"ಬಾಜೂದವಕ್ಕ ಅದು ಹೇಳ್ತೈತಿ, ನೀ ನನ್ನಂಗ ಆಗಬ್ಯಾಡ, ನೀ ಇದಾಗು ಅಂತ. ಇವುಗಳಾಗ ಆ ಮಾತು ಎಲ್ಲೋ ತಪ್ಪೈತಿ."

"ಬಾಯಿಲ್ಲದ ಹೆಂಗ ಹೇಳ್ತೈತಕ್ಕ?"

"ಅದನ್ನ ಮೇಡಂ ಹುಡುಕಾಕತ್ತಾರ. ನಿನ್ನಂಗ ವಟವಟ ಅನ್ನಂಗಿಲ್ಲ ಬಿಡು."

ನೀನು ತೀರಿಕೊಂಡ ಮೂರನೇ ವಾರ ನಾನು ಮಾಡಿದ್ದು ಹೇಗೆ ಹೇಳಲಿ... ಹೊರಗಿನ ನೊಣ ಹೊಕ್ಕು ಬೆರೆತೀತೆಂಬ ಹೆದರಿಕೆಯಲ್ಲಿ, ಬಿಸಿ ಗಂಜಿ ಆರುವ ಮೊದಲೇ ಹೊಸ ಬಾಟಲಿಗಳಿಗೆ ಹತ್ತಿಯ ಬಿರಡೆ ಒತ್ತಿಬಿಟ್ಟೆ. ಮರುದಿನ ನೋಡದೆ ನೊಣಗಳನ್ನೆಲ್ಲ ಅವುಗಳಿಗೇ ದಾಟಿಸಿದೆ. ಒಳಗೆಲ್ಲ ಹಬೆಯ ನೀರು. ಒಂದೂ ಉಳಿಯದೆ ಅಂಟಿಕೊಂಡು ಸತ್ತವು.

ತೊಳೆಯುವ ಕೋಣೆಯಲ್ಲಿ ಕೂತು ಅತ್ತೆ. ಕೆಲಸ ಹೋಗುವುದಿರಲಿ, ನಿನ್ನ ಇಷ್ಟು ವರ್ಷದ್ದು... ಮೇಡಂ ಬಂದು ಬೈಯಲಿಲ್ಲ. "ಪಾತ ಬಾಟಲ್ ಉಂದಾ?" ಎಂದಷ್ಟೇ ತಮ್ಮ ತೆಲುಗಿನಲ್ಲಿ ಕೇಳಿದರು, ಹಳೆಯದು ಇದೆಯಾ ಎಂದು. ಹಳೆಯ ಬಾಟಲಿ! "ಹಳೇದು ಹದಿನೈದು ದಿನ ತೊಳಿಬ್ಯಾಡ, ಹಿಂದ ಇಡು" ಎಂದು ನೀನು ಎಷ್ಟು ಸಲ ಗದರಿಸಿದ್ದೆ. ನೀನಿಲ್ಲದಿದ್ದರೂ ಆ ಗದರಿಕೆಗೆ ಹೆದರಿ ಒಂದನ್ನು ಉಳಿಸಿದ್ದೆ. ನೊಣಗಳು ದಾಟುವ ಮೊದಲು ಅಲ್ಲಿಟ್ಟ ಮೊಟ್ಟೆಗಳ ಮರಿಹುಳುಗಳು ಕಟ್ಟಿಕೊಂಡ ಹತ್ತಾರು ಗೂಡುಗಳು ಅದರ ಗಾಜಿಗೆ ಅಂಟಿದ್ದವು.

ನಾಲ್ಕನೇ ದಿನ ಮೊದಲ ನೊಣ ಹೊರಬಂತು. ಕಣ್ಣು ನೋಡಿದೆ: ಚೆಲ್ಲಿದ ರವೆ. ಇಷ್ಟು ಕೆಟ್ಟ ಕಣ್ಣು ನೋಡಿ ಯಾರಾದರೂ ನನ್ನ ಹಾಗೆ ಖುಷಿಯಿಂದ ನಕ್ಕಾರೇ ಅಕ್ಕ?

ನಿನಗೆ ಗೊತ್ತಿಲ್ಲದ ಸುದ್ದಿ ಕೇಳು. ಆ ನೊಣಗಳ ಮಕ್ಕಳಲ್ಲೇ ಮೇಡಂಗೆ ತಪ್ಪು ಸಿಕ್ಕಿತು. ಹೇಳುವ ಜೀವಕೋಶ ಸರಿಯಾಗಿಯೇ ಹೇಳುತ್ತದಂತೆ; ಪಕ್ಕದ್ದರ ಮೈಮೇಲೆ ಅದನ್ನು ಕೇಳಿಸಿಕೊಳ್ಳುವ ಬಾಗಿಲು ಕೆಟ್ಟಿದೆಯಂತೆ. ಸರಿಯಾದ ಬಾಗಿಲು ಕೂಡಿಸಿ ಬೆಳೆಸಿದ ನೊಣವನ್ನು ನಿನ್ನೆ ಮೊದಲು ನನ್ನನ್ನೇ ಕರೆದು ತೋರಿಸಿದರು. ಕಣ್ಣು ಸಾಲುಸಾಲಾಗಿ ಬಂದಿದೆ, ಅಕ್ಕ.

ಗಂಜಿಯನ್ನು ಈಗ ಪೂರ್ತಿ ಆರಿಸುತ್ತೇನೆ. ಹಳೆಯ ಬಾಟಲಿ ಹಿಂದಿನ ಹಲಗೆಯ ಮೇಲಿದೆ. ತೊಳೆದಿಲ್ಲ.

ನಿನ್ನ
ಶರಣಮ್ಮ